ಕ್ರಾಸ್‌ಓವರ್ ಟ್ಯೂನ್ ಮಾಡಲು ಕಿವಿಯೊಂದೇ ಸಾಲದೇ?

ನಿಮ್ಮ ಸ್ಪೀಕರ್‌ಗೆ 6.5 ಇಂಚಿನ ವೂಫರ್ (ಕೆಳದನಿಯ ಡ್ರೈವರ್), 1 ಇಂಚಿನ ಡೋಮ್ ಟ್ವೀಟರ್ (ಮೇಲ್ದನಿಯ ಡ್ರೈವರ್) ಇದೆ, ಶಬ್ದವನ್ನು ಎರಡಕ್ಕೂ ಹಂಚುವ ಕ್ರಾಸ್‌ಓವರ್ ಸರ್ಕ್ಯೂಟನ್ನು ಕೇಳಿ ಕೇಳಿಯೇ ಸರಿಮಾಡಬಹುದಲ್ಲ, ಮೈಕ್ ಮತ್ತು ಕಂಪ್ಯೂಟರ್ ಸಿಮ್ಯುಲೇಶನ್ ಯಾಕೆ ಎಂದು ಕೇಳಿದ್ದೀರಿ. ಮೊದಲು ಅಳೆಯಿರಿ, ಕಿವಿಯನ್ನು ಕೊನೆಯ ಹಂತಕ್ಕೆ ಇಟ್ಟುಕೊಳ್ಳಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಏನೋ ಸರಿಯಿಲ್ಲ ಎಂಬುದನ್ನು ಕಿವಿ ತಕ್ಷಣ ಹಿಡಿಯುತ್ತದೆ. ಎಲ್ಲಿ ಎಂದು ಮಾತ್ರ ಹೇಳಲಾರದು. ಹಾಡುವವರ ದನಿ ಚುಚ್ಚುತ್ತಿದ್ದರೆ 3 ಕಿಲೋಹರ್ಟ್ಸ್ ಬಳಿ ಉಬ್ಬಿರಬಹುದು, ಇಲ್ಲವೇ 500 ಹರ್ಟ್ಸ್‌ಗಿಂತ ಕೆಳಗೆ ಬಲ ಸಾಲದಿರಬಹುದು. ಕಿವಿಯನ್ನಷ್ಟೇ ನಂಬಿದರೆ ಎರಡಕ್ಕೂ ಟ್ವೀಟರ್‌ಗೆ ಇನ್ನೊಂದು ರೆಸಿಸ್ಟರ್ ಬೀಳುತ್ತದೆ. ಚುಚ್ಚುವುದು ನಿಲ್ಲುತ್ತದೆ, ಜೊತೆಗೆ ತಂಬೂರಿಯ ಝೇಂಕಾರವೂ ಮಂಕಾಗುತ್ತದೆ.

ಬರೀ ಸೂತ್ರವೂ ಕೈಕೊಡುತ್ತದೆ. ಸೂತ್ರ ಬಳಸುವ ಕ್ರಾಸ್‌ಓವರ್ ಕ್ಯಾಲ್ಕುಲೇಟರ್ ವೂಫರನ್ನು 8 ಓಮ್ ರೆಸಿಸ್ಟರ್ ಎಂದೇ ಲೆಕ್ಕ ಹಾಕುತ್ತದೆ. ಆದರೆ ವಾಯ್ಸ್ ಕಾಯಿಲ್‌ನ (ಕೋನನ್ನು ಅಲುಗಿಸುವ ತಂತಿ ಸುರುಳಿಯ) ಇಂಡಕ್ಟೆನ್ಸ್‌ನಿಂದಾಗಿ 2 ಕಿಲೋಹರ್ಟ್ಸ್ ಹೊತ್ತಿಗೆ ಇಂಪೀಡೆನ್ಸ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, ಸಾಕಷ್ಟು ಏರಿರುತ್ತದೆ. ಮೇಲಾಗಿ 20 ಸೆಂಟಿಮೀಟರ್ ಅಗಲದ ಬ್ಯಾಫಲ್‌ನಲ್ಲಿ (ಡ್ರೈವರ್ ಕೂರಿಸುವ ಮುಂಭಾಗದ ಹಲಗೆಯಲ್ಲಿ) ಸುಮಾರು 575 ಹರ್ಟ್ಸ್ ಆಸುಪಾಸಿನಿಂದ ಕೆಳಕ್ಕೆ ಶಬ್ದ ಹಿಂದಕ್ಕೂ ಹರಡಿ, ಮುಂದೆ 6 ಡೆಸಿಬಲ್‌ವರೆಗೆ ಕುಗ್ಗುತ್ತದೆ. ಆ ಸೂತ್ರಕ್ಕೆ ಇದರ ಸುಳಿವೇ ಇರುವುದಿಲ್ಲ.

ಕ್ಯಾಲಿಬ್ರೇಶನ್ ಫೈಲ್ (ಮೈಕ್‌ನ ಏರುಪೇರು ಸರಿಪಡಿಸುವ ಕಡತ) ಇರುವ ಮೈಕ್, ಉಚಿತವಾಗಿ ಸಿಗುವ ತಂತ್ರಾಂಶಗಳಾದ ಆರ್‌ಇಡಬ್ಲ್ಯೂ (ಅಳೆಯಲು) ಮತ್ತು ವಿಟುಯಿಕ್ಸ್‌ಕ್ಯಾಡ್ (ಸಿಮ್ಯುಲೇಶನ್‌ಗೆ) ಸಾಕು. ಡ್ರೈವರ್‌ಗಳನ್ನು ಬಾಕ್ಸ್‌ಗೆ ಕೂರಿಸಿಯೇ ಅಳೆಯಬೇಕು. ಟ್ವೀಟರ್ ಮತ್ತು ಮೈಕ್ ಎರಡೂ ನೆಲದಿಂದ 1.2 ಮೀಟರ್ ಎತ್ತರದಲ್ಲಿ, ನಡುವೆ 1 ಮೀಟರ್ ಅಂತರದಲ್ಲಿರಲಿ. ಗೋಡೆಗಳು 1.2 ಮೀಟರ್‌ಗಿಂತ ದೂರವಿರಲಿ. ನೆಲಕ್ಕೆ ಬಡಿದು ಬರುವ ಶಬ್ದ 1.6 ಮೀಟರ್ ಹೆಚ್ಚು ಸಾಗಿ 4.6 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ, ಹಾಗಾಗಿ ವಿಂಡೋವನ್ನು, ಅಂದರೆ ಲೆಕ್ಕಕ್ಕೆ ಹಿಡಿಯುವ ಅವಧಿಯನ್ನು, 4.5 ಮಿಲಿಸೆಕೆಂಡ್‌ಗೆ ಕತ್ತರಿಸಿ. ಆಗ ಸುಮಾರು 220 ಹರ್ಟ್ಸ್‌ಗಿಂತ ಕೆಳಗಿನ ಗೆರೆಯನ್ನು ನಂಬುವಂತಿಲ್ಲ. ಆ ಭಾಗಕ್ಕೆ ಮೈಕನ್ನು ಕೋನ್‌ಗೆ 1 ಸೆಂಟಿಮೀಟರ್‌ಗಿಂತ ಹತ್ತಿರ ಹಿಡಿದು ಅಳೆದು, ಬ್ಯಾಫಲ್‌ನ ಇಳಿಕೆಯನ್ನು ಸೇರಿಸಿ, 300 ಹರ್ಟ್ಸ್ ಬಳಿ ಮೊದಲಿನ ಗೆರೆಗೆ ಜೋಡಿಸಿ.

ಹೆಚ್ಚಿನವರು ಎಡವುವುದು ಟೈಮಿಂಗ್‌ನಲ್ಲಿ. ವೂಫರ್ ಮತ್ತು ಟ್ವೀಟರ್ ಅಳೆಯುವ ನಡುವೆ ಮೈಕ್ ಅಲುಗಬಾರದು, ಎರಡಕ್ಕೂ ಒಂದೇ ಟೈಮಿಂಗ್ ರೆಫರೆನ್ಸ್ (ಸಮಯ ಎಣಿಸುವ ಆರಂಭಬಿಂದು) ಇರಬೇಕು. ಇಲ್ಲದಿದ್ದರೆ ಎರಡರ ಅಲೆಗಳ ಫೇಸ್ (ಏರಿಳಿತದ ಹೊಂದಾಣಿಕೆ) ಸಂಬಂಧವೇ ಕಳೆದುಹೋಗಿ, ಸಿಮ್ಯುಲೇಶನ್ ತೋರಿಸುವ ಮೊತ್ತ ಸುಳ್ಳಾಗುತ್ತದೆ. ಪರೀಕ್ಷೆ ಸುಲಭ: ಕಟ್ಟಿದ ಮೇಲೆ ಟ್ವೀಟರ್‌ನ ಪ್ಲಸ್ ಮೈನಸ್ ಅದಲುಬದಲು ಮಾಡಿ ಅಳೆಯಿರಿ. ನಾಲ್ಕನೇ ಆರ್ಡರ್‌ನ ಲಿಂಕ್‌ವಿಟ್ಸ್-ರೈಲಿ ಎಂಬ ಬಗೆಯ ಕ್ರಾಸ್‌ಓವರ್ ಆದರೆ ಕ್ರಾಸ್‌ಓವರ್ ಜಾಗದಲ್ಲಿ ಆಳವಾದ ಗುಂಡಿ ಬೀಳಬೇಕು, ಸಿಮ್ಯುಲೇಶನ್ ಹೇಳಿದ ಅದೇ ಜಾಗದಲ್ಲಿ.

ಸ್ಪೀಕರನ್ನು ಪಕ್ಕಕ್ಕೆ ತಿರುಗಿಸುತ್ತಾ 0ಯಿಂದ 90 ಡಿಗ್ರಿವರೆಗೆ 10 ಡಿಗ್ರಿಗೊಮ್ಮೆ ಅಳೆಯುವುದನ್ನು ದಯವಿಟ್ಟು ಬಿಡಬೇಡಿ. ನೇರ ಎದುರಿಗೆ ಕಾಣುವ ತಗ್ಗು 20 ಡಿಗ್ರಿ ಪಕ್ಕದಲ್ಲಿ ಮಾಯವಾದರೆ ಅದು ಬ್ಯಾಫಲ್ ಅಂಚಿನ ಚದುರುವಿಕೆ. ಅದನ್ನು ಕ್ರಾಸ್‌ಓವರ್‌ನಲ್ಲಿ ತುಂಬಿದರೆ ಉಳಿದ ಎಲ್ಲ ದಿಕ್ಕಿಗೂ ಉಬ್ಬು ಹೋಗುತ್ತದೆ. ಅಂಚು ಗುಂಡಗೆ ಮಾಡಿ, ಇಲ್ಲವೇ ಟ್ವೀಟರನ್ನು ನಡುವಿನಿಂದ ಸರಿಸಿ.

ಈಗ ಕಿವಿಯ ಸರದಿ. ಟ್ವೀಟರ್ ಮಟ್ಟವನ್ನು ಅರ್ಧ ಡೆಸಿಬಲ್‌ನಂತೆ ಬದಲಿಸಿ ಕೇಳಿ. 8 ಓಮ್‌ಗೆ 3 ಡೆಸಿಬಲ್ ಇಳಿಸಲು ಸರಣಿಯಲ್ಲಿ 2.3 ಓಮ್, ಟ್ವೀಟರ್‌ಗೆ ಸಮಾಂತರವಾಗಿ 19.4 ಓಮ್ ಬೇಕು. ಕೇಳುವಾಗ ಒಂದೇ ಸ್ಪೀಕರ್, ಮೊನೊ, ಮೀಟರಿನಿಂದ ಸಮ ಮಾಡಿದ ವಾಲ್ಯೂಮ್ ಇರಲಿ. ತುಸು ಜೋರಾದದ್ದೇ ಚೆಂದ ಅನಿಸಿಬಿಡುತ್ತದೆ. ಯಾವುದು ಯಾವುದೆಂದು ನಿಮಗೆ ತಿಳಿಯದಂತೆ ಬೇರೆಯವರು ಬದಲಿಸಲಿ. ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸ್ಪೀಕರ್ ಕಣ್ಣಿಗೆ ಕಂಡಾಗ ಅನುಭವಿ ಕೇಳುಗರ ಅಂಕಗಳೂ ಬದಲಾಗಿದ್ದವು.

ಬಾಕ್ಸ್‌ನ ಗುಂಯ್‌ಗುಡುವಿಕೆ, ಪೋರ್ಟ್‌ನ (ಬಾಕ್ಸ್‌ನ ಗಾಳಿಕೊಳವೆಯ) ಗಾಳಿಸದ್ದು ಮಾತ್ರ ಗ್ರಾಫ್‌ಗಿಂತ ಮೊದಲು ಕಿವಿಗೇ ಸಿಗುತ್ತವೆ. ಸೈನ್ ಸ್ವೀಪನ್ನು (ಕೆಳದನಿಯಿಂದ ಮೇಲ್ದನಿಗೆ ಏರುವ ಒಂದೇ ಸ್ವರವನ್ನು) ನಿಧಾನವಾಗಿ ಓಡಿಸಿ ಕೇಳಿ. 4 ಮೀಟರ್ ಉದ್ದದ ಕೋಣೆಯಲ್ಲಿ 43 ಹರ್ಟ್ಸ್ ಬಳಿ ಬಾಸ್ ಮೊಳಗಿದರೆ ಅದು ಕೋಣೆಯದು. ಸ್ಪೀಕರ್ ಸರಿಸಿ ನೋಡಿ, ಕ್ರಾಸ್‌ಓವರ್ ಮುಟ್ಟಬೇಡಿ.