ಮನೆ ಮಾಡಿದ್ದಾಯಿತು, ಮುಂದೇನು?

ಮೊದಲ ಸಂಬಳ, ಮೊದಲ ಬಾಡಿಗೆ ಮನೆ, ಮೊದಲ ಅಡುಗೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇವುಗಳ ಸುತ್ತಲೇ ಇದ್ದವು. ಮೂರನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನವನು, ವಯಸ್ಸು 24. ಮೈಸೂರಿನ ಹೆಬ್ಬಾಳದಲ್ಲಿ ಕೆಲಸ. ಮೂರು ತಿಂಗಳ ಹಿಂದೆ ಒಬ್ಬನೇ ಮನೆ ಮಾಡಿದೆ. ಗೃಹಜ್ಯೋತಿಗೆ ಅರ್ಜಿ ಹಾಕಿದ್ದರೂ ತಿಂಗಳು ತಿಂಗಳೂ ಕರೆಂಟ್ ಬಿಲ್ ಬರುತ್ತಿದೆ. ಪಕ್ಕದ ಮನೆಯವರಿಗೆ ಸೊನ್ನೆ. ಊರಲ್ಲಿ ಇದನ್ನೆಲ್ಲ ಅಪ್ಪನೇ ನೋಡಿಕೊಳ್ಳುತ್ತಿದ್ದರು. ಇಷ್ಟೂ ಗೊತ್ತಿಲ್ಲವಾ ಅಂತಾರೆ ಎಂದು ಓನರ್ ಹತ್ತಿರವೂ ಕೇಳಿಲ್ಲ.

ಉತ್ತರ: ನಾಚಿಕೆ ಬೇಡ. ನಿಮ್ಮ ಓನರ್‌ಗೂ ಇದು ಪೂರ್ತಿ ಗೊತ್ತಿರಲಿಕ್ಕಿಲ್ಲ. ‘200 ಯೂನಿಟ್ ಉಚಿತ’ ಎಂಬ ಮಾತಿನಿಂದಲೇ ಗೊಂದಲ. 200 ಎಂಬುದು ಮೇಲಿನ ಮಿತಿ, ಎಲ್ಲರಿಗೂ ಸಿಗುವ ಪಾಲಲ್ಲ. 2022–23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇ 10 (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ 10 ಯೂನಿಟ್) ಸೇರಿಸಿ ಪಾಲು ಗೊತ್ತುಮಾಡಿದ್ದಾರೆ. ಹಳೆಯ ಲೆಕ್ಕವಿಲ್ಲದ ಹೊಸ ಮನೆ, ಹೊಸ ಬಾಡಿಗೆದಾರರಿಗೆ ರಾಜ್ಯದ ಸರಾಸರಿ 53 ಯೂನಿಟ್, ಅದರ ಮೇಲೆ ಶೇ 10, ಒಟ್ಟು 58. ಪಾಲು ದಾಟಿದರೆ ದಾಟಿದಷ್ಟಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್.

ಈಗ ನಿಮ್ಮ ಗೀಸರ್ ನೋಡಿ. 2000 ವ್ಯಾಟ್‌ನ ಗೀಸರ್ ಅರ್ಧ ಗಂಟೆ ಓಡಿದರೆ 1 ಯೂನಿಟ್. ಬೆಳಿಗ್ಗೆ ಸ್ವಿಚ್ ಹಾಕಿ, ಟೀ ಕುಡಿದು, ಮೊಬೈಲ್ ನೋಡಿ, ಮುಕ್ಕಾಲು ಗಂಟೆ ಬಿಟ್ಟು ಸ್ನಾನಕ್ಕೆ ಹೋಗುವವರಾದರೆ ದಿನಕ್ಕೆ ಒಂದೂವರೆ, ತಿಂಗಳಿಗೆ 45 ಯೂನಿಟ್‌ವರೆಗೂ ಹೋಗಬಹುದು. 75 ವ್ಯಾಟ್‌ನ ಹಳೆಯ ಫ್ಯಾನ್ ದಿನಕ್ಕೆ ಹತ್ತು ಗಂಟೆ ತಿರುಗಿದರೆ ಇನ್ನೊಂದು 22. ದೀಪ ಹಚ್ಚುವ ಮೊದಲೇ 58 ಮುಗಿಯಿತು. ಒಬ್ಬರ ಸ್ನಾನಕ್ಕೆ ಹದಿನೈದು ನಿಮಿಷ ಕಾದ ನೀರು ಸಾಕು.

ಗೀಸರ್ ಬಳಕೆ ಇಳಿಸಿದ ಮೇಲೂ ಬಿಲ್ ಇಳಿಯದಿದ್ದರೆ ಆರ್‌ಆರ್ ನಂಬರ್ (ಬಿಲ್‌ನಲ್ಲಿರುವ ಕರೆಂಟ್ ಸಂಪರ್ಕದ ಸಂಖ್ಯೆ) ಕಡೆ ತಿರುಗಿ. ಅದಕ್ಕೆ ಹಿಂದಿನ ಬಾಡಿಗೆದಾರರ ಆಧಾರ್ ಇನ್ನೂ ಅಂಟಿಕೊಂಡಿರಬಹುದು. ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅವರು ಡಿ-ಲಿಂಕ್ ಮಾಡಿದ ಮೇಲೆ ನಿಮ್ಮದು ಜೋಡಣೆಯಾಗಬೇಕು. ನೀವು ಮನೆ ಬಿಡುವಾಗಲೂ ಹೀಗೇ ಬಿಡಿಸಿಕೊಂಡು ಹೋಗಿ. ಗೊತ್ತಾಗದಿದ್ದರೆ ಬಿಲ್ ಹಿಡಿದುಕೊಂಡು ನಿಮ್ಮ ಬಡಾವಣೆಯ ಸೆಸ್ಕ್ (ಮೈಸೂರು ಭಾಗದ ವಿದ್ಯುತ್ ಕಂಪನಿ) ಕಚೇರಿಗೆ ಹೋಗಿ (ದಾರಿಯಲ್ಲಿ ಕೇಳುವಾಗ ಕೆಇಬಿ ಅನ್ನಿ, ಜನ ಇವತ್ತಿಗೂ ಹಾಗೇ ಅನ್ನುವುದು), ಇಲ್ಲವೇ 1912ಕ್ಕೆ ಫೋನ್ ಮಾಡಿ.

ಇನ್ನೊಂದು ಮನೆಗೆ ಹೋಗುವ ದಿನ, ಸಾಮಾನು ಇಳಿಸುವ ಮೊದಲೇ ಮೀಟರ್‌ನ ಅಂಕಿ ಕಾಣುವಂತೆ ಒಂದು ಫೋಟೋ ತೆಗೆದು ಓನರ್‌ಗೆ ವಾಟ್ಸ್ಆ್ಯಪ್ ಮಾಡಿ. ಹಳೆಯ ಬಾಕಿಯ ಜಗಳ ಅಲ್ಲಿಗೇ ನಿಲ್ಲುತ್ತದೆ. ಬಾಡಿಗೆ ಕರಾರುಪತ್ರವನ್ನು ಸಾಮಾನ್ಯವಾಗಿ 11 ತಿಂಗಳಿಗೇ ಮಾಡುವುದು ಏಕೆಂದರೆ, ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು. ಬಿಡುವಾಗ ಪೇಂಟಿಂಗ್‌ಗೆ ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿಯುತ್ತಾರೆ ಎಂಬುದನ್ನು ಬಾಯಿಮಾತಿಗೆ ಬಿಡದೆ ಅದರಲ್ಲೇ ಬರೆಸಿ.

ಪ್ರಶ್ನೆ: ಮಂಡ್ಯದವಳು, ಮೊದಲ ಕೆಲಸ. ಆಫರ್ ಲೆಟರ್‌ನಲ್ಲಿ ತಿಂಗಳಿಗೆ 25,000, ಕೈಗೆ ಬಂದಿದ್ದು 21,400. ಮೋಸವೇ? ಜೊತೆಗೆ ಪಿಎಫ್‌ನಲ್ಲಿ ನನ್ನ ಹೆಸರು ಹೊಂದುತ್ತಿಲ್ಲ ಎನ್ನುತ್ತಿದ್ದಾರೆ.

ಉತ್ತರ: ಮೋಸ ಕಾಣುತ್ತಿಲ್ಲ. ನಿಮ್ಮ ಬೇಸಿಕ್ (ಮೂಲ ವೇತನ) 15,000 ಇರಬೇಕು, ಸಂಬಳದ ಸ್ಲಿಪ್ ನೋಡಿ. ಅದರ ಶೇ 12 ಅಂದರೆ 1,800 ನಿಮ್ಮ ಪಾಲಿನ ಪಿಎಫ್. ಕಂಪನಿಯೂ ಅಷ್ಟೇ ಕಟ್ಟುತ್ತದೆ. ಆ 1,800ನ್ನೂ 25,000ದ ಒಳಗೇ ಸೇರಿಸಿ ಹೇಳಿರುತ್ತಾರೆ. ಎರಡೂ ಕಳೆದರೆ ಸರಿಯಾಗಿ 21,400. ಕಂಪನಿಯ ಪಾಲಿನಲ್ಲಿ 1,250 ಪಿಂಚಣಿಗೆ ಹೋಗಿ 550 ಮಾತ್ರ ನಿಮ್ಮ ಪಿಎಫ್ ಖಾತೆಗೆ ಬೀಳುತ್ತದೆ. ಹಾಗಾಗಿ ಪಾಸ್‌ಬುಕ್‌ನಲ್ಲಿ ಎರಡು ಪಾಲು ಸಮ ಇಲ್ಲವೆಂದು ಗಾಬರಿಯಾಗಬೇಡಿ.

ಹೆಸರಿನದು ನಮ್ಮ ಕಡೆಯ ಹಳೇ ರೋಗ. ಮಾರ್ಕ್ಸ್ ಕಾರ್ಡಿನಲ್ಲಿ ಇನಿಶಿಯಲ್, ಆಧಾರ್‌ನಲ್ಲಿ ಬರೀ ಹೆಸರು. ಪ್ಯಾನ್ ಅರ್ಜಿಯಲ್ಲಿ ಇನಿಶಿಯಲ್ ನಡೆಯದ ಕಾರಣ ಅಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಬಿಡಿಸಿ ಬರೆದಿರುತ್ತಾರೆ. ಮೂರು ದಾಖಲೆ, ಮೂರು ಮನುಷ್ಯರು! ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು ಯಾವ ರೂಪ ಉಳಿಯಬೇಕು ಎಂದು ಮೊದಲು ನಿರ್ಧರಿಸಿ, ಅಕ್ಷರ ಅಕ್ಷರವಾಗಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ತಿದ್ದುವುದು ಆಧಾರ್‌ನಿಂದ ಶುರುವಾಗಲಿ, ಆಮೇಲೆ ಪ್ಯಾನ್, ಬ್ಯಾಂಕ್, ಕೊನೆಗೆ ಪಿಎಫ್. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನಕ್ಕೆ ಎರಡೇ ಅವಕಾಶ. ಕೇಂದ್ರದಲ್ಲಿ ಸಹಿ ಹಾಕುವ ಮುನ್ನ ಕನ್ನಡ, ಇಂಗ್ಲಿಷ್ ಎರಡೂ ಕಾಗುಣಿತ ಓದಿ ನೋಡಿ. ಅಲ್ಲಿನ ಸಾಲು, ಗಡಿಬಿಡಿಗೆ ಹೆದರಿ ‘ಹ್ಞೂಂ ಸರಿ’ ಅಂದುಬಿಡಬೇಡಿ.

ಕೆಲಸ ಬದಲಿಸಿದಾಗ ಪಿಎಫ್ ತೆಗೆಯದೆ ಅದೇ ಯುಎಎನ್‌ನಲ್ಲಿ (ಕೆಲಸ ಬದಲಾದರೂ ಬದಲಾಗದ ನಿಮ್ಮ ಪಿಎಫ್ ಸಂಖ್ಯೆ) ವರ್ಗಾಯಿಸಿ. ಒಟ್ಟು ಸೇವೆ ಐದು ವರ್ಷ ತುಂಬುವ ಮೊದಲು ತೆಗೆದರೆ ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ. ನಾಮಿನಿಯಾಗಿ ಈಗ ಅಪ್ಪ ಅಮ್ಮನನ್ನು ಹಾಕಿದರೂ ಮದುವೆಯಾದ ಮೇಲೆ ಆ ನಾಮಿನೇಶನ್ ನಿಲ್ಲುವುದಿಲ್ಲ, ಹೊಸದಾಗಿ ತುಂಬಬೇಕು. ಇದನ್ನು ಮರೆಯುವವರೇ ಹೆಚ್ಚು.

ಪ್ರಶ್ನೆ: ಮದ್ದೂರಿನವನಾಗಿ ಕೇಳಬಾರದು, ಆದರೂ ಕೇಳುತ್ತೇನೆ. ರೂಮಿನಲ್ಲಿ ನಾನು ಮಾಡುವ ಮುದ್ದೆ ಬರೀ ಗಂಟು. ಮುರಿದರೆ ಒಳಗೆ ಹಸಿ ಹಿಟ್ಟು.

ಉತ್ತರ: ನೀವು ಹಿಟ್ಟು ಹಾಕಿದ ಕೂಡಲೇ ಕೋಲು ಆಡಿಸುತ್ತಿದ್ದೀರಿ. ಆಗ ಹಿಟ್ಟಿನ ಉಂಡೆಯ ಹೊರಮೈ ಬೆಂದು ಅಂಟಾಗುತ್ತದೆ, ಒಳಗೆ ನೀರು ಇಳಿಯುವುದಿಲ್ಲ.

ಒಂದು ಲೋಟ ರಾಗಿ ಹಿಟ್ಟಿಗೆ ಎರಡು ಲೋಟ ನೀರು. ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಆ ನೀರಿಗೇ ಹಾಕಿ ಕುದಿಸಿ. ಎಸರು ಮರಳಿದಾಗ ಅರ್ಧ ಲೋಟ ಬೇರೆ ತೆಗೆದಿಡಿ. ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ಗುಡ್ಡೆಗೆ ಒಂದು ತೂತು ಮಾಡಿ. ಎಸರು ಆ ತೂತಿನಿಂದ ಉಕ್ಕಿ ಹಿಟ್ಟಿನ ಮೇಲೆ ಹರಿಯಬೇಕು. ಸಣ್ಣ ಉರಿಯಲ್ಲಿ ಐದು ನಿಮಿಷ ಮುಟ್ಟಬೇಡಿ. ಆಮೇಲೆ ಇಳಿಸಿ, ಪಾತ್ರೆಯನ್ನು ಬಟ್ಟೆಯಲ್ಲಿ ಗಟ್ಟಿಯಾಗಿ ಹಿಡಿದು, ಪಾತ್ರೆಯ ಬದಿಗೆ ಒತ್ತಿ ಒತ್ತಿ ತೊಳಸಿ. ಗಟ್ಟಿ ಅನ್ನಿಸಿದರೆ ತೆಗೆದಿಟ್ಟ ಎಸರನ್ನೇ ಚೂರು ಚೂರು ಸೇರಿಸಿ. ತಣ್ಣೀರು ಸೇರಿಸಿದರೆ ಮತ್ತೆ ಗಂಟು. ಪುನಃ ಎರಡು ನಿಮಿಷ ಉರಿಗಿಟ್ಟು, ಕೈ ಒದ್ದೆ ಮಾಡಿಕೊಂಡು ಮುಟ್ಟಿ. ಬೆರಳಿಗೆ ಅಂಟದಿದ್ದರೆ ಬೆಂದಿದೆ, ಕಟ್ಟಿ.

ಅಂದ ಹಾಗೆ ತೆಳುವಾದ ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಷ್ಟು ಒತ್ತಿ ತೊಳಸಿದರೆ ಪಾತ್ರೆಯೇ ಸೊಟ್ಟಗಾಗುತ್ತದೆ, ದಪ್ಪ ತಳದ್ದು ತೆಗೆದುಕೊಳ್ಳಿ. ಮುದ್ದೆ ಕಟ್ಟಿದ ತಕ್ಷಣ ಪಾತ್ರೆಗೆ ನೀರು ತುಂಬಿಡಿ, ತಳ ಹಿಡಿದ ಹಿಟ್ಟು ಊಟ ಮುಗಿಯುವಷ್ಟರಲ್ಲಿ ತಾನೇ ಎದ್ದು ಬರುತ್ತದೆ.