ಟೈರಿನ ಉಪ್ಪುನೀರು ರಿಮ್ ತಿನ್ನುತ್ತಿದೆ

ಪ್ರಶ್ನೆ: ಹಳೆಯ ಟ್ರ್ಯಾಕ್ಟರ್ ಕೊಂಡಿದ್ದೇವೆ. ಹಿಂದಿನ ಟೈರು 13.6-28. ತೂಕಕ್ಕೆಂದು ಟ್ಯೂಬಿನಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿದ ನೀರು ತುಂಬಿದ್ದಾರಂತೆ. ಎಡಗಾಲಿಯ ವಾಲ್ವ್ ಸುತ್ತ ಬಿಳಿ ಹೆಪ್ಪು ಕಟ್ಟಿ, ತುಕ್ಕು ಪದರಾಗಿ ಏಳುತ್ತಿದೆ. ವಾಲ್ವ್ ಬದಲಿಸಿದರೆ ಸಾಕೇ?
– ಓದುಗರು, ಮುಧೋಳ ತಾಲ್ಲೂಕು

ಉತ್ತರ: ಸಾಲದು. ಹೊರಗೇ ಇಷ್ಟು ಕಾಣುತ್ತಿದ್ದರೆ ಟ್ಯೂಬಿಗೂ ರಿಮ್ಮಿಗೂ ನಡುವೆ ಇನ್ನೂ ಹೆಚ್ಚು ತಿಂದಿರುತ್ತದೆ. ಟ್ಯೂಬಿನೊಳಗಿರುವವರೆಗೆ ಈ ನೀರು ಕಬ್ಬಿಣವನ್ನು ಮುಟ್ಟುವುದಿಲ್ಲ. ಜಾಲಿಮುಳ್ಳು ಚುಚ್ಚಿಯೋ ವಾಲ್ವಿನ ಬುಡ ಸಡಿಲಾಗಿಯೋ ಸೋರಿದಾಗ ಕೇಡು ಶುರು. ಈ ಉಪ್ಪು ಗಾಳಿಯ ತೇವವನ್ನೇ ಹೀರಿಕೊಳ್ಳುವುದರಿಂದ ಸುಲಭಕ್ಕೆ ಒಣಗದು. ಗಾಳಿಯೂ ತೇವವೂ ಕೂಡಿ ರಿಮ್ಮನ್ನು ತಿನ್ನುತ್ತಲೇ ಇರುತ್ತವೆ.

ಮೊದಲು ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಆಕ್ಸಲ್ ಅಡಿ ಜಾಕ್ ಹಾಕಿ, ಮರದ ದಿಮ್ಮಿ ಇಡಿ. ವಾಲ್ವ್ ಕೆಳಗೆ ಬರುವಂತೆ ಗಾಲಿ ತಿರುಗಿಸಿ, ಪಕ್ಕಕ್ಕೆ ನಿಂತು ಪಿನ್ ಬಿಚ್ಚಿ. ನೀರು ರಭಸದಿಂದ ಚಿಮ್ಮುತ್ತದೆ, ಕಣ್ಣು ಜೋಪಾನ. ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಹಿಡಿಯಿರಿ. ಹೊಲಕ್ಕೆ ಮಾತ್ರ ದಯವಿಟ್ಟು ಬಿಡಬೇಡಿ: ಘಟಪ್ರಭಾ ಅಚ್ಚುಕಟ್ಟಿನ ಎರೆಮಣ್ಣಿಗೆ ಸವಳಿನ ಕಾಟ ಈಗಾಗಲೇ ಸಾಕಷ್ಟಿದೆ. ಗಿಡ, ಬಾವಿಗಳಿಂದ ದೂರದ ಮಣ್ಣುದಾರಿಗೆ ತೆಳುವಾಗಿ ಚಿಮುಕಿಸಿದರೆ ಧೂಳು ಅಡಗುತ್ತದೆ.

ಟೈರು, ಟ್ಯೂಬು ಎರಡನ್ನೂ ಕಳಚಿ ರಿಮ್ಮನ್ನು ಧಾರಾಳ ನೀರಿನಿಂದ ತೊಳೆಯಿರಿ. ಇದು ಆಮ್ಲವಲ್ಲ, ಉಪ್ಪು. ಸೋಡಾ ಹಾಕಿ ಪ್ರಯೋಜನವಿಲ್ಲ, ನೀರೇ ಮದ್ದು. ತಂತಿ ಬ್ರಶ್ಶಿನಿಂದ ಉಜ್ಜಿ, ವಾಲ್ವ್ ತೂತಿನ ಸುತ್ತ ಸುತ್ತಿಗೆಯಿಂದ ತಟ್ಟಿ ನೋಡಿ. ತಗಡು ಒಳಗೆ ತಗ್ಗಿದರೆ ಅಥವಾ ಅಂಚು ಬಿರುಕು ಬಿಟ್ಟಿದ್ದರೆ ರಿಮ್ ಬದಲಿಸುವುದೇ ಸರಿ. ತೂತಿನ ಬಳಿ ಮಾತ್ರ ಹಾಳಾಗಿದ್ದರೆ ಗಟ್ಟಿ ಲೋಹದವರೆಗೆ ಕತ್ತರಿಸಿ ತೇಪೆ ಬೆಸೆಯಬಹುದು. ಒಳಮೈ ನುಣ್ಣಗೆ ಗ್ರೈಂಡ್ ಮಾಡದಿದ್ದರೆ ಟ್ಯೂಬು ಹರಿಯುತ್ತದೆ. ಟೈರು ಕೂಡಿಸಿದ ರಿಮ್ಮಿಗೆ ವೆಲ್ಡಿಂಗ್ ಮಾಡಿಸಲೇಬೇಡಿ, ಗಾಳಿ ಬಿಟ್ಟಿದ್ದರೂ ಸಿಡಿದು ಪ್ರಾಣ ಹೋಗಬಹುದು. ಚೆನ್ನಾಗಿ ಒಣಗಿದ ಮೇಲೆ ರೆಡ್ ಆಕ್ಸೈಡ್ ಪ್ರೈಮರ್, ಅದರ ಮೇಲೆ ಎರಡು ಕೈ ಬಣ್ಣ. ಟ್ಯೂಬು ಹೊಸದು ಹಾಕಿ.

ಮತ್ತೆ ತುಂಬಲು ಬರೀ ನೀರು ಸಾಕು. ಉಪ್ಪು ಬೆರೆಸುವ ರೂಢಿ, ಟೈರಿನ ನೀರು ಹೆಪ್ಪುಗಟ್ಟುವಂಥ ಚಳಿಯ ನಾಡುಗಳದ್ದು. ವಾಲ್ವ್ ನೆತ್ತಿಗೆ ತಂದು ಅದರ ಮಟ್ಟದವರೆಗೆ, ಅಂದರೆ ಮುಕ್ಕಾಲು ಭಾಗ ತುಂಬಿ; ನಿಮ್ಮ ಟೈರಿಗೆ ಸುಮಾರು 185 ಲೀಟರ್ ಹಿಡಿಯುತ್ತದೆ. ಮಿಕ್ಕ ಜಾಗದಲ್ಲಿ ಗಾಳಿ ಇರಲೇಬೇಕು, ಇಲ್ಲದಿದ್ದರೆ ಟೈರು ಕಲ್ಲಾಗುತ್ತದೆ. ಗಾಳಿಯ ಒತ್ತಡ ನೋಡುವಾಗಲೂ ವಾಲ್ವ್ ಮೇಲೇ ಇರಲಿ. ಉಪ್ಪುನೀರಿಗೆ ಹೋಲಿಸಿದರೆ ಗಾಲಿಗೆ 40–50 ಕೆ.ಜಿ. ತೂಕ ಕಡಿಮೆಯಾಗಬಹುದು. ರೆಂಟೆ ಹೊಡೆಯುವಾಗ ಗಾಲಿ ಜಾರಿದರೆ ಎರಕದ ವೀಲ್ ವೇಟ್ ಕಟ್ಟಿಸಿ.

ಪ್ರಶ್ನೆ: ತೂಕ ಹೆಚ್ಚಲೆಂದು ಅಡುಗೆ ಉಪ್ಪು ಕಲಸಬಹುದೇ?
– ಓದುಗರು, ಇಂಡಿ ತಾಲ್ಲೂಕು

ಉತ್ತರ: ಬೇಡ. ಕರಗುವಷ್ಟೂ ಉಪ್ಪು ಸುರಿದರೂ ಲೀಟರಿಗೆ 200 ಗ್ರಾಂ ಹೆಚ್ಚೀತು, ಸೋರಿದರೆ ತುಕ್ಕು ಮಾತ್ರ ಮೇಲಿನಷ್ಟೇ. ಬೋರಿನ ನೀರು ಸವಳಾಗಿದ್ದರೆ ಅದನ್ನೂ ಬಿಟ್ಟು ಕೆರೆಯ ಅಥವಾ ಮಳೆಯ ನೀರು ಹಾಕಿ.