ಗೊಬ್ಬರದ ಡಬ್ಬಿಯ ವಾಸನೆಗೆ ತೆಂಗಿನ ನಾರಿನ ಪುಡಿ

ಪ್ರಶ್ನೆ: ತಾರಸಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅಡುಗೆಮನೆಯ ಹಸಿಕಸದಿಂದ ಗೊಬ್ಬರ ಮಾಡುತ್ತಿದ್ದೇವೆ. ಕೊಳೆತ ವಾಸನೆ ಬರುತ್ತಿದ್ದು, ಕಂದುಬಣ್ಣದ ದಪ್ಪ ಹುಳುಗಳೂ ಕಾಣಿಸಿಕೊಂಡಿವೆ. ತಿಪಟೂರಿನ ನೆಂಟರು ಕೊಟ್ಟ ತೆಂಗಿನ ನಾರಿನ ಪುಡಿಯನ್ನು ಬೆರೆಸಬಹುದೇ?
– ಓದುಗರು, ತುಮಕೂರು

ಉತ್ತರ: ಧಾರಾಳವಾಗಿ ಬೆರೆಸಿ. ತರಕಾರಿ ಸಿಪ್ಪೆ, ಅನ್ನ, ಹಣ್ಣಿನ ತಿರುಳು ನೀರು ಬಿಟ್ಟುಕೊಂಡು ಒತ್ತೊತ್ತಾಗಿ ಕೂತಾಗ ಗಾಳಿಯಾಡದೆ, ಆಮ್ಲಜನಕವಿಲ್ಲದೆ ಬದುಕುವ ಸೂಕ್ಷ್ಮಾಣುಗಳು ಮೇಲುಗೈ ಪಡೆಯುವುದೇ ಈ ದುರ್ವಾಸನೆಗೆ ಕಾರಣ. ಡಬ್ಬಿಯ ತಳಕ್ಕೂ ಪಕ್ಕಗಳಿಗೂ ತೂತು ಕೊರೆಯಿರಿ; ಪ್ರತಿ ಸಲ ಹಸಿಕಸ ಹಾಕಿದ ಮೇಲೆ ಅದು ಕಾಣದಂತೆ ಒಣಪದಾರ್ಥ ಮುಚ್ಚಿ, ವಾರಕ್ಕೊಮ್ಮೆಯಾದರೂ ಬುಡಮೇಲು ಮಾಡಿ. ಒಂದು ಹಿಡಿ ಹಿಂಡಿದರೆ ಒಂದೆರಡು ಹನಿ ಜಿನುಗಬೇಕು, ಧಾರೆ ಇಳಿಯಬಾರದು.

ಆದರೆ ನಾರಿನ ಪುಡಿಯೊಂದನ್ನೇ ನೆಚ್ಚಿಕೊಳ್ಳುವುದು ನನಗೆ ಸರಿಕಾಣದು. ಇಂಗಾಲ ಮತ್ತು ಸಾರಜನಕ ಸುಮಾರು 30:1ರ ಪ್ರಮಾಣದಲ್ಲಿದ್ದರೆ ಕಸ ಚೆನ್ನಾಗಿ ಕಳಿಯುತ್ತದೆ. ನಾರಿನ ಪುಡಿಯಲ್ಲಿ ಇಂಗಾಲ ಅದಕ್ಕಿಂತ ಬಹಳ ಹೆಚ್ಚು, ಜೊತೆಗೆ ಲಿಗ್ನಿನ್ ಎಂಬ, ಗಿಡಮರಗಳಿಗೆ ಗಡಸುತನ ಕೊಡುವ ಪದಾರ್ಥ ಇರುವುದರಿಂದ ಅದು ಬೇಗ ಕರಗದು. ಹೊಂಗೆಯ ಒಣಗಿದ ತರಗೆಲೆ, ಪುಡಿ ಮಾಡಿದ ಕಡಲೆಕಾಯಿ ಸಿಪ್ಪೆ ಇವುಗಳನ್ನೂ ಸೇರಿಸಿ. ಬೀದಿಯಲ್ಲಿ ಗುಡಿಸಿ ಸುಡುವ ಎಲೆಗಿಂತ ಒಳ್ಳೆಯ ಸರಕು ಸಿಗಲಾರದು.

ಹುಳುಗಳು ಬಹುಶಃ ಬ್ಲ್ಯಾಕ್ ಸೋಲ್ಜರ್ ನೊಣದ ಮರಿಗಳು. ಅಸಹ್ಯವೆನಿಸಿದರೂ ಅವು ಕಸವನ್ನು ಚುರುಕಾಗಿ ತಿಂದು ಮುಗಿಸುತ್ತವೆ, ಕೀಟನಾಶಕ ಸಿಂಪಡಿಸಬೇಡಿ. ಇನ್ನು, ಇದೇ ನಾರಿನ ಪುಡಿಯನ್ನು ಕುಂಡಗಳಿಗೂ ಬಳಸುವುದಾದರೆ, ಲವಣಾಂಶ ಹೋಗುವಂತೆ ಎರಡು ಮೂರು ಬಾರಿ ನೀರಿನಲ್ಲಿ ನೆನೆಸಿ ಬಸಿದ ನಂತರವೇ ಮಣ್ಣಿಗೆ ಸೇರಿಸಿ.